ಖೋತರ ದೀಪ ಮತ್ತು ನಿಂತಲ್ಲೇ ಸೊರಗುವ ಕಾರು

ಪನ್ಹಾಳ ಕೋಟೆಯ ಬುಡದ ಖೋತರ ಮನೆತನಕ್ಕೆ ಹೊಲ ಕಡಿಮೆ, ಹಟ ಜಾಸ್ತಿ. ಮುತ್ತಜ್ಜ ರಾಯಾಜಿ ಖೋತ ಕುಲದೇವರು ಜ್ಯೋತಿಬಾನ ಗುಡ್ಡದಿಂದ ನಂದಾದೀಪ ಹಚ್ಚಿಕೊಂಡು, ಬಿರುಗಾಳಿಯಲ್ಲಿ ಅದನ್ನು ರುಮಾಲಿನೊಳಗೆ ಮುಚ್ಚಿ ಮನೆಗೆ ತಂದವನು. ರುಮಾಲು ಸುಟ್ಟಿತು, ಕೂದಲು ಸುಟ್ಟಿತು, ದೀಪ ಆರಲಿಲ್ಲ. ಅಂದಿನಿಂದ ಆ ವಂಶದ ಗಂಡಸರೆಲ್ಲ ಬೋಳುತಲೆಯವರೇ. ಪಂಚಗಂಗೆ ಹೊಳೆ ಊರಿಗೆ ನುಗ್ಗಿದಾಗ ಅಜ್ಜ ದಾದೂ ದೀಪ ಹಿಡಿದು ಹುಣಸೆಮರ ಹತ್ತಿ, ಕರೆದೊಯ್ಯಲು ಬಂದ ದೋಣಿಯನ್ನು "ನಿನ್ನ ಹುಟ್ಟಿನ ಗಾಳಿಗೆ ದೀಪ ಆರತೈತಿ, ನಡಿ" ಎಂದು ಅಟ್ಟಿದ. ಹೆಂಚು ಹಾರಿಹೋದ ಮಳೆಗಾಲದಲ್ಲಿ ಅಪ್ಪ ಶಿದೂ ದೀಪಕ್ಕೆ ಕೊಡೆ ಹಿಡಿದು ನಿಂತ, ಹೆಂಡತಿ ನೆನೆದಳು.

ಇಂಥವರ ಕುಡಿ ಜೋತಿರಾಮ, ಬಾಡಿಗೆ ಕಾರು ಓಡಿಸಿ ಹೊಟ್ಟೆ ಹೊರೆಯುವವನು. ಹೋದ ವರ್ಷ ಮತ್ತೆ ಹೊಳೆ ಬಂದಾಗ ಅವನಿಗೆ ಅನ್ನಿಸಿತು: ದೀಪ ಇರಬೇಕಾದ್ದು ಓಡಿಹೋಗಬಲ್ಲ ಜಾಗದಲ್ಲಿ. ಕಾರಿನ ಮುಂಗಾಜಿನ ಕೆಳಗೆ ಜ್ಯೋತಿಬಾನನ್ನು ಕೂರಿಸಿ, ಎದುರಿಗೆ ಬಲ್ಬು ಕಟ್ಟಿದ. ಹಳೆಯ ಪಣತಿಯ ಕುಡಿಯನ್ನು ಬಲ್ಬಿಗೆ ಮುಟ್ಟಿಸಿ, ಅದೇ ಗಳಿಗೆಗೆ ತಂತಿ ಜೋಡಿಸಿದ. ಜ್ಯೋತಿಯಿಂದ ಜ್ಯೋತಿ ಹತ್ತಿತು. ಸ್ವಿಚ್ಚು ಮಾತ್ರ ಇಡಲಿಲ್ಲ. ನಂದಾದೀಪಕ್ಕೆ ಆರಿಸುವ ಕೀಲಿ ಯಾಕೆ?

ಆಮೇಲೆ ಕಾರು ದಿನವೊಪ್ಪತ್ತು ನಿಂತರೆ ಸಾಕು, ಕೀಲಿ ತಿರುಗಿಸಿದರೆ ಬರೀ ನರಳುತ್ತಿತ್ತು. ಜೋತಿರಾಮ ಎದುರು ಮನೆಯವಳ ಕಣ್ಣೆಂದ. ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಯಾರ ಕೈಲೂ ತಳ್ಳಿಸಿಕೊಳ್ಳದೆ, ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿಕೊಂಡು ಚಾಲೂ ಮಾಡಿದ.

ಆದರೆ ಮಗಳು ಸುಲಭಾಳ ಮದುವೆ ಗೊತ್ತಾದ ಮೈದಾನ ತಾಟಿನಂತೆ ಸಮ. ಗಂಡನ ಮನೆಗೆ ಅವಳು ಹೊರಡಬೇಕಾದ್ದು ಇದೇ ಕಾರಿನಲ್ಲಿ.

"ಆಬಾ, ಮದುವಿ ಸೀರಿ ಉಟ್ಟು ನಾ ಇಳಿದು ತಳ್ಳಾಕಿ ಅಲ್ಲ," ಎಂದಳು ಸುಲಭಾ. "ಬೀಗರ ಮುಂದ ಗಾಡಿ ಕೆಮ್ಮಿದ್ರ ನಾ ವಾಪಸ್ ಮನೀಗೇ ಬರ್ತೀನಿ."

ಮದುವೆಯ ಹಿಂದಿನ ದಿನ ಗ್ಯಾರೇಜಿನ ದಸ್ತಗೀರ ಬಂದ.

"ಬ್ಯಾಟರಿ ಕುಡಿಯೋ ಕಳ್ಳ ಒಳಗೇ ಅದಾನ ಕಾಕಾ."

"ದೀಪ ಉರೀತೈತಿ ನೋಡು. ಬ್ಯಾಟರಿ ಗಟ್ಟಿ ಐತಿ."

"ಹುಲ್ಲು ಮೇಯೋ ಶಕ್ತಿ ಇದ್ದ ಎತ್ತೆಲ್ಲ ನೇಗಿಲು ಎಳೀತೈತೇನು?"

ದಸ್ತಗೀರ ಬ್ಯಾಟರಿಯ ತಂತಿ ಬಿಚ್ಚಲು ಹೋದ. ಜೋತಿರಾಮ ಅವನ ಕೈ ಹಿಡಿದ. ಕೊನೆಗೆ ದೀಪ ಆರದ ಹಾಗೆ, ದಸ್ತಗೀರ ಕರೆಂಟು ಅಳೆಯುವ ಮೀಟರನ್ನು ಮೊದಲೇ ಜೋಡಿಸಿಕೊಂಡು ತಂತಿ ಎತ್ತಿದ. ಕಾರು ಮಲಗಿದ್ದರೂ ಮೀಟರಿನ ಮುಳ್ಳು ಎದ್ದು ನಿಂತಿತ್ತು. ಒಂದೊಂದೇ ಫ್ಯೂಸು ಕಿತ್ತು ನೋಡಿ ಮತ್ತೆ ಹಾಕುತ್ತ ಹೋದ. ಮುಳ್ಳು ಜಗ್ಗಲಿಲ್ಲ. ಮೂಲೆಯ ಫ್ಯೂಸು ಕಿತ್ತ ಕೂಡಲೇ ಮುಳ್ಳು ಬಿತ್ತು. ದೀಪವೂ ಆರಿತು.

"ಹಾಕೋ! ಹಾಕೋ ಭಾಡ್ಯಾ!" ಜೋತಿರಾಮ ಕೂಗಿದ ರಭಸಕ್ಕೆ ಮನೆ ಮುಂದೆ ಚಪ್ಪರ ಕಟ್ಟುತ್ತಿದ್ದವರು ಓಡಿಬಂದರು.

ದಸ್ತಗೀರ ಫ್ಯೂಸು ಹಾಕಿದ. ದೀಪ ಹತ್ತಿತು.

"ಆರಲಿಲ್ಲ," ಎಂದ ಜೋತಿರಾಮ ಬೆವರೊರೆಸಿಕೊಂಡು. "ಕಣ್ಣು ಮಿಟುಕಿಸ್ತು, ಅಷ್ಟ."

"ಕಳ್ಳ ದೇವರೇ ಕಾಕಾ. ಒಂದು ಸ್ವಿಚ್ ಕೂಡಿಸ್ಲಾ? ನಿಂತಾಗ ಆರಿಸು, ಹೊರಟಾಗ ಹಚ್ಚು."

"ನಿಮ್ಮಪ್ಪ ಮಲಗಿದಾಗ ಉಸಿರು ಆರಿಸ್ತಾನೇನು?"

ಅಂತೂ ದೀಪ ಆರಬಾರದು, ಕಾರು ಸೊರಗಬಾರದು. ಜೋತಿರಾಮ ಮರುದಿನ ಕಾರನ್ನು ಇಳಿಜಾರಿನಲ್ಲಿ ಉರುಳಿಸಿ ಚಾಲೂ ಮಾಡಿ, ಪೆಟ್ರೋಲ್ ಟಾಕಿ ತುಂಬಿಸಿ, ಮೈದಾನದ ಮದುವೆ ಮಂಟಪದ ಪಕ್ಕ ತಂದು ನಿಲ್ಲಿಸಿದ. ಎಂಜಿನ್ ನಿಲ್ಲಿಸಲಿಲ್ಲ, ತಾನೂ ಇಳಿಯಲಿಲ್ಲ. ಬೀಗರು ಕಿಟಕಿಯ ಮೂಲಕವೇ ಅಪ್ಪಿಕೊಂಡರು. ಭಟ್ಟರು ಗಂಟಲು ಹರಿದುಕೊಂಡು ಮಂಗಳಾಷ್ಟಕ ಹೇಳಿದರು, ಎಂಜಿನ್ ಗುರುಗುಟ್ಟಿ ಅದನ್ನು ನುಂಗಿತು.

ವಧೂವರರ ನಡುವೆ ಪರದೆ ಹಿಡಿದರು. ಕಾರಿನ ಸೀಟಿನಿಂದ ಜೋತಿರಾಮನಿಗೆ ಕಂಡದ್ದು ಮಗಳ ಮೊಣಕೈ ಮಾತ್ರ. ಅವನು ಕತ್ತು ಚಾಚಿದ, ಕಣ್ಣು ತುಂಬಿತು. ದಸ್ತಗೀರನಿಗೆ ತಡೆಯಲಾಗಲಿಲ್ಲ. ಬಂದು ಕಾರಿನ ಬಾಗಿಲು ತೆರೆದ.

"ಇಳಿ ಕಾಕಾ. ಒಂದ್ ಗಳಿಗಿ ನಾ ಕೂಡ್ತೀನಿ. ಪರದೆ ಸರಿಯೋದರ ಒಳಗ ಮಗಳ ಮುಖ ನೋಡ್ಕೊಂಡು ಬಾ."

"ಬ್ಯಾಡೋ ತಮ್ಮಾ. ನಮ್ಮಜ್ಜ ದೋಣಿ ಬ್ಯಾಡ ಅಂದ. ನಮ್ಮಪ್ಪ ದೀಪದ ಕೊಡಿ ಹೆಂಡ್ತಿ ಕೈಗೂ ಕೊಡಲಿಲ್ಲ. ಮಗಳ ಮೊಣಕೈ ಕಂಡೈತಿ, ಸಾಕು. ನೀ ಮೊದ್ಲ ಬಾಗಿಲು ಹಾಕು, ದೀಪಕ್ಕ ಗಾಳಿ ಬಡೀತೈತಿ."