ಶರಣಾಗತಿಗೆ ಒಂದು ಕುರ್ಚಿ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಜರ್ಮನಿಯ ಒಂದು ತರಬೇತಿ ಶಿಬಿರದಲ್ಲಿ ಅಂತರ್ಯುದ್ಧಗಳ ಪರೀಕ್ಷಕನಾಗಿದ್ದೆ. ಭಾರತೀಯ ಸೇನೆಯ ಕರ್ನಲ್ ಆಗಿ ನಿವೃತ್ತನಾದವನಿಗೆ, ಹ್ಯಾಂಬರ್ಗಿನ ಮಗಳ ಮನೆಯಲ್ಲಿ ಪಾತ್ರೆ ಜೋಡಿಸುವುದಕ್ಕಿಂತ ಇದು ಗೌರವದ ಕೆಲಸ. ಶಾಂತಿಪಾಲನೆಗೆ ಹೊರಡುವ ಅಧಿಕಾರಿಗಳಿಗಾಗಿ ಅಲ್ಲಿ ಸುಳ್ಳು ಯುದ್ಧ ನಡೆಸುತ್ತಿದ್ದೆವು. ಬಂಡುಕೋರರ ವೇಷಕ್ಕೆ ಹೊರಗಿನವರನ್ನು ಕರೆಸುತ್ತಿದ್ದರು. ಬಂದೂಕುಗಳು ರಬ್ಬರಿನವು. ವೇಷಧಾರಿಗಳಿಗೆ ಸೂಚನೆ ಒಂದೇ: ಮನಸ್ಸು ಒಪ್ಪಿದರಷ್ಟೇ ಶರಣಾಗಿ.

ಆ ಸಲದ ಬಂಡುಕೋರ ನಾಯಕ ಧಾರವಾಡದ ಬಸವರಾಜ. ವಾರವಿಡೀ ಬೊಬ್ಲಿಂಗೆನ್ ಪಟ್ಟಣದಲ್ಲಿ ಕಾರಿನ ಬ್ರೇಕ್ ಪರೀಕ್ಷಿಸುವ ಎಂಜಿನಿಯರ್. ರಜೆ ಬಂತೆಂದರೆ ಮೀಸೆ ತಿರುವಿ ಕಾಡು ಸೇರುವವ. ಎದುರಿಗೆ ಲೆಫ್ಟಿನೆಂಟ್ ಲೇನಾ. ಇದೇ ಪರೀಕ್ಷೆಯಲ್ಲಿ ಹಿಂದೊಮ್ಮೆ ಫೇಲಾಗಿದ್ದಳು. ಸಂಜೆಯೊಳಗೆ ಇವನು ಶರಣಾಗದಿದ್ದರೆ ಅವಳು ಆಸೆಪಟ್ಟಿದ್ದ ಆಫ್ರಿಕಾದ ನಿಯೋಜನೆ ಶಾಶ್ವತವಾಗಿ ಕೈತಪ್ಪುತ್ತಿತ್ತು.

ಬೆಳಿಗ್ಗೆ ಬಸವರಾಜ ಶರಣಾಗಲೆಂದು ಪಡೆಯೊಂದಿಗೆ ಬಂದ. ಲೇನಾ ಮೇಜಿನ ಹಿಂದೆ ಕೂತಲ್ಲಿಂದಲೇ, "ಆಯುಧ ಎಡಕ್ಕೆ, ಗುರುತಿನ ಚೀಟಿ ಬಲಕ್ಕೆ. ಮುಂದಿನವರು!" ಎಂದಳು. ಬಸವರಾಜ ಸೀದಾ ಕಾಡಿಗೆ ವಾಪಸ್. ಹೋಗುತ್ತ ನನ್ನತ್ತ ತಿರುಗಿ, "ಏನ್ರೀ ಸರ, ಯುದ್ಧ ಮುಗಸಾಕ ಬಂದೀವೋ, ಪಾಳಿ ಹಚ್ಚಾಕ ಬಂದೀವೋ?" ಎಂದ. ಪರೀಕ್ಷಕ ಸುಳಿವು ಕೊಡುವಂತಿಲ್ಲ. ಮರ ನೋಡುತ್ತ ನಿಂತೆ.

ಊಟದ ವಿರಾಮದಲ್ಲಿ ಯುದ್ಧವಿಲ್ಲ. ಬಸವರಾಜ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ. ಒಬ್ಬಳೇ ನಿಂತಿದ್ದ ಲೇನಾಳನ್ನು ಕಂಡವನೇ ಎದ್ದು ತನ್ನ ಕುರ್ಚಿ ಸರಿಸಿ, ನೀರು ಕೊಟ್ಟ.

"ಶತ್ರುವಿಗೂ?" ಎಂದಳು ಅವಳು.

"ಬಂದವರನ್ನು ನಿಲ್ಲಿಸಿ ಮಾತಾಡಿಸುವ ಪದ್ಧತಿ ನಮ್ಮಲ್ಲಿಲ್ಲ," ಎಂದ ತನ್ನ ಮುರುಕು ಜರ್ಮನ್‌ನಲ್ಲಿ. ಲೇನಾ ರೊಟ್ಟಿ ಮುರಿಯುತ್ತ ತಾನು ಕೂತ ಆ ಕುರ್ಚಿಯ ತೋಳನ್ನೇ ಬಹಳ ಹೊತ್ತು ನೋಡಿದಳು.

ಮಧ್ಯಾಹ್ನ ಬಸವರಾಜ ಮತ್ತೆ ಬಂದಾಗ ಮೇಜು ಮಾಯವಾಗಿತ್ತು. ಲೇನಾ ಎದುರು ಹೋಗಿ ಬರಮಾಡಿಕೊಂಡು, ತನ್ನ ಕುರ್ಚಿಯಲ್ಲಿ ಅವನನ್ನು ಕೂರಿಸಿ, ನೀರು ಕೊಟ್ಟು, "ದಾರಿ ದೂರವಾಯಿತೇ?" ಎಂದು ವಿಚಾರಿಸಿದಳು. ಕಾಡು ಇದ್ದದ್ದು ರಸ್ತೆಯಾಚೆ. ಬಸವರಾಜ ಗಂಭೀರವಾಗಿ, "ಬಹಳ ದೂರ," ಎಂದ. ಆಮೇಲೆ ಚಹಾ ಕೇಳಿದ. ಚಹಾ ಬರುವವರೆಗೆ ಅಂತರ್ಯುದ್ಧ ಕಾಯಿತು. ಕುಡಿದು, ಎದ್ದು, ರಬ್ಬರ್ ಬಂದೂಕನ್ನು ಎರಡೂ ಕೈಯಲ್ಲಿ ಅವಳಿಗೊಪ್ಪಿಸಿದ. ಕಣ್ಣು ಒದ್ದೆಯಾಗಿತ್ತು. ಚಟ್ನಿಯ ಖಾರ ಎಂದು ಇಂದಿಗೂ ವಾದಿಸುತ್ತಾನೆ.

ಲೇನಾ ಪಾಸಾದಳು. ಮರುವರ್ಷ ಆಫ್ರಿಕಾದಿಂದ ಫೋನ್ ಮಾಡಿದಳು. "ಕರ್ನಲ್, ಇವತ್ತು ನಿಜವಾದ ಶರಣಾಗತಿ. ಕುರ್ಚಿ ಸಾಲಲಿಲ್ಲ."

"ಏನು ಮಾಡಿದೆ?"

"ಎಲ್ಲರೂ ನೆಲದ ಮೇಲೆ ಕೂತೆವು. ನಾನೇ ಮೊದಲು ಕೂತೆ."

ಬಂದೂಕು ಇಳಿಸುವ ಮೊದಲು ಮನುಷ್ಯನನ್ನು ಕೂರಿಸಬೇಕು. ಸೇನೆಯಲ್ಲಿ ಕಲಿಯದ್ದನ್ನು ಆ ಸುಳ್ಳು ಯುದ್ಧದಲ್ಲಿ ಕಲಿತೆ. ಸುದ್ದಿ ತಿಳಿಸಿದಾಗ ಬಸವರಾಜ ಕೇಳಿದ್ದು ಇಷ್ಟೇ: "ಚಹಾ ಕೊಟ್ಟಾಳಂತೇನ್ರೀ?"