ಬಂಡೆ ಬ್ರೋಕರ್ ಗುರುವಪ್ಪ

ಚಂದಾಪುರದ ಆಚೆ ಹೊಲವಿದ್ದವರೆಲ್ಲ ಗುರುವಪ್ಪನ ಬೈಕಿನ ಸದ್ದು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅವನು ಹೊಲ ಕೇಳುವವನಲ್ಲ, ಹೊಲದಡಿಯ ಬಂಡೆಯನ್ನು ಕ್ವಾರಿಯವರಿಗೆ ಕೊಡಿಸುವವನು. ಬಂದವನೇ ಚಪ್ಪಲಿ ಕಳಚಿ, ಹಿಮ್ಮಡಿಯಿಂದ ನೆಲ ಕುಟ್ಟಿ, ಹಸುವಿನ ಗಬ್ಬ ನೋಡುವವನಂತೆ ಕಣ್ಣು ಮುಚ್ಚಿ, "ಆಹಾ, ಬಿರುಕೇ ಇಲ್ಲ!" ಎನ್ನುತ್ತಾನೆ. ತಿಥಿಯ ಮನೆಯಲ್ಲೂ ಎಲೆಯ ಮುಂದೆ ಕೂರುವ ಮೊದಲು ಒಮ್ಮೆ ಕುಟ್ಟುತ್ತಾನಂತೆ. ಇನ್ನೂ ಒಪ್ಪದ ವಿಧವೆ ಪಿಳ್ಳಮ್ಮನ ಹತ್ತಿರವೂ ಅವನದು ಅದೇ ರಾಗ: "ಮೇಲಿನ ಮಣ್ಣು ನಿಂದೇ ಪಿಳ್ಳಕ್ಕ, ತಳದ ಬಂಡೆ ಮಾತ್ರ ಕೊಡು." "ತಳ ತಗುದ್ರೆ ಮೇಲಿಂದು ಗಾಳೀಲಿ ತೇಲ್ತದೇನೋ?" ಎಂದು ಪಿಳ್ಳಮ್ಮ ಗದರಿದರೆ ಹಲ್ಲು ಕಿರಿಯುತ್ತಾನೆ. ಆದರೆ ಅಕ್ಕಪಕ್ಕದ ಹೊಲದವರೆಲ್ಲ ಆಗಲೇ ಒಪ್ಪಿದ್ದಾರೆ. ಕ್ವಾರಿಯಲ್ಲಿ ಬಂಡೆ ಒಡೆಯುವ ಮದ್ದು ಸಿಡಿದಾಗಲೆಲ್ಲ ಅಟ್ಟದ ಪಾತ್ರೆಗಳ ಜೊತೆ ಅವಳ ಎದೆಯೂ ನಡುಗುತ್ತದೆ. ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವ ಊರು ಅದು. ಅವಳ ಗಂಡ ಮಲಗಿರುವುದು ಅವಳ ಹೊಲದ ಬದುವಿನಲ್ಲೇ. ಈ ಸದ್ದಿಗೆ ಸೋತು ಒಂದು ದಿನ ತನ್ನ ಬಾಯೇ ಒಪ್ಪಿಬಿಟ್ಟೀತೆಂದು ಅವಳಿಗೆ ದಿಗಿಲು. ಮೊನ್ನೆ ಗುರುವಪ್ಪ ಬಂದವನು ವ್ಯಾಪಾರದ ಮಾತೇ ಎತ್ತಲಿಲ್ಲ. ಎಲ್ಲರಿಗಿಂತ ಮೊದಲು ತನ್ನ ಹೊಲದ ಬಂಡೆ ಮಾರಿದವನು ಅವನೇ. ಅವನ ಅಪ್ಪನ ಸಮಾಧಿಯಿದ್ದ ಜಾಗದಲ್ಲಿ ಈಗ ನೀರು ತುಂಬಿದ ಕ್ವಾರಿ ಗುಂಡಿ. ಅತ್ತ ಇತ್ತ ನೋಡಿ, ಮೆಲ್ಲಗೆ ಕೇಳಿದ: "ಅಕ್ಕಾ, ನಾನೇ ಬಂದು ಕಾಲು ಹಿಡಿದ್ರೂ ಕೊಡಬೇಡ. ನಾನು ಸತ್ರೆ ನಿನ್ನ ಬದುನಾಗೆ ಒಂದಾಳು ಮಲಗೋವಷ್ಟು ಜಾಗ ಬಿಡ್ತೀಯಾ?"