ಪಕ್ಷೇತರ ಚಿಕ್ಕಮ್ಮನ ಒಂದು ಓಟು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂಬಾಗಿಲಿಗೆ ಒಂದು ಪಕ್ಷ ಬಂತು. ಹಿಂಬಾಗಿಲಿಗೆ ಇನ್ನೊಂದು.

ಮುಂದೆ ಬಂದವರು ಒಂದು ಪಕ್ಷದ ಮುಖಂಡ ಮಂಜಣ್ಣ. ಜಗಲಿಯ ಕುರ್ಚಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ವೀಣಾ ಅಡುಗೆಮನೆಯಿಂದ ಕಣ್ಣಲ್ಲೇ ಕರೆದಳು. ಹೋಗಿ ನೋಡಿದರೆ ಬಾವಿಕಟ್ಟೆಯ ಹತ್ತಿರ ಎದುರು ಪಕ್ಷದ ಶ್ರೀಧರಣ್ಣ! ಬಿಳಿ ಪಂಚೆ ಎತ್ತಿ ಕಟ್ಟಿದ್ದಾರೆ, ಅದರ ತುಂಬ ಉತ್ತರಾಣಿ ಮುಳ್ಳು. ಪಕ್ಕದ ಮನೆಯ ಬೇಲಿ ದಾಟಿ ಬಂದಿದ್ದಾರೆ, ಪಾಪ.

"ಅವ್ರು ಬಂದಾಯ್ತಾ?" ಎಂದು ಪಿಸುಗುಟ್ಟಿದರು.

"ಚಾ ಕುಡೀತಾ ಇದ್ರು," ಎಂದೆ.

"ಹಾಂಗಾರೆ ನಂಗೂ ಇಲ್ಲೇ ಒಂದರ್ಧ ಲೋಟ ಕೊಡಿ."

ಇಷ್ಟು ದೊಡ್ಡವರು ನನ್ನನ್ನು ನೋಡಲು ಬಂದವರಲ್ಲ. (ಅಂಕಣ ಬರೆಯುವವರನ್ನು ಹುಡುಕಿಕೊಂಡು ಎಲ್ ಐ ಸಿ ಏಜೆಂಟರು ಮಾತ್ರ ಬರುತ್ತಾರೆ.) ಇಬ್ಬರೂ ಬಂದಿದ್ದು ನನ್ನ ಲಲಿತಾ ಚಿಕ್ಕಮ್ಮನಿಗಾಗಿ.

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವಳು. ನಮ್ಮ ವಾರ್ಡಿನ ಅರ್ಧ ಜನಕ್ಕೆ ಸೂಜಿ ಚುಚ್ಚಿದವಳು, ಉಳಿದರ್ಧ ಜನರ ಬಾಣಂತನ ನೋಡಿದವಳು. ಈ ಸಲ ಪುರಸಭೆ ಚುನಾವಣೆಗೆ ಪಕ್ಷೇತರಳಾಗಿ ನಿಂತು ಗೆದ್ದುಬಿಟ್ಟಳು. ಚಿಹ್ನೆ ಸೀಲಿಂಗ್ ಫ್ಯಾನ್. ಎರಡು ದೊಡ್ಡ ಪಕ್ಷಗಳಿಗೆ ಸರಿಸಮ ಸೀಟು ಬಂದವು. ನಡುವೆ ಚಿಕ್ಕಮ್ಮ ಒಬ್ಬಳೇ.

ಊರಿನ ಹೆಸರು ಬಿಟ್ಟುಬಿಡಿ. ಭಟ್ಕಳದಿಂದ ಕುಮಟಾದವರೆಗೆ ಯಾವ ಊರಿನವರು ಓದಿದರೂ "ಇದು ನಮ್ಮದೇ" ಅನ್ನುತ್ತಾರೆ.

ಆಕೆ ನಿಂತಿದ್ದಾದರೂ ಯಾಕೆ? ಮೀನು ಮಾರ್ಕೆಟ್ಟಿಗಾಗಿ. ಕಟ್ಟಡ ಮುಗಿದು ಎಷ್ಟೋ ಕಾಲವಾಗಿದೆ. ಟೈಲ್ಸ್ ಇದೆ, ನಲ್ಲಿ ಇದೆ, ಬಾಗಿಲಿಗೆ ಬೀಗವೂ ಇದೆ. ಉದ್ಘಾಟನೆಯ ಕಲ್ಲಿನ ಮೇಲೆ ಯಾವ ಪಕ್ಷದವರ ಹೆಸರು ಮೊದಲು ಬರಬೇಕು ಎಂಬುದು ಇತ್ಯರ್ಥವಾಗಿರಲಿಲ್ಲ. ಹಾಗಾಗಿ ಮೀನು ಮಾರುವ ಹೆಂಗಸರು ಹೆದ್ದಾರಿಯ ಅಂಚಿನಲ್ಲೇ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು.

ಅವರಲ್ಲಿ ನಾಗವೇಣಿ ಒಬ್ಬಳು. ಮಾವಳ್ಳಿಯಿಂದ ಮದುವೆಯಾಗಿ ನಮ್ಮೂರಿಗೆ ಬಂದವಳು, ಚಿಕ್ಕಮ್ಮನಿಗೆ ಖಾಯಂ ಮೀನು ಕೊಡುವವಳು. ಒಂದು ಬೆಳಿಗ್ಗೆ ಹಿಂದಕ್ಕೆ ಬಂದ ಟೆಂಪೋ ಅವಳ ಪಾದದ ಮೇಲೆ ಹತ್ತಿತು. ಬಂಗಡೆ ಕೊಳ್ಳಲು ಹೋಗಿದ್ದ ಚಿಕ್ಕಮ್ಮ ತನ್ನ ಸೀರೆಯ ಸೆರಗನ್ನೇ ಹರಿದು ಅಲ್ಲೇ ಕಟ್ಟು ಹಾಕಿದಳು. ಸಂಜೆ ಆಸ್ಪತ್ರೆಗೆ ಒಬ್ಬರಾದ ಮೇಲೆ ಒಬ್ಬರಂತೆ ಎರಡೂ ಪಕ್ಷದವರು ಬಂದರು. ಮಾರ್ಕೆಟ್ ಯಾಕೆ ತೆಗೆದಿಲ್ಲ ಎಂದು ಚಿಕ್ಕಮ್ಮ ಕೇಳಿದರೆ, ಇವರು ಅವರತ್ತ ಕೈ ತೋರಿಸಿದರು, ಅವರು ಇವರತ್ತ.

ನಾಮಪತ್ರ ಹಾಕಲು ಹೊರಟಾಗ ನಾನೇ ತಡೆದಿದ್ದೆ. "ಚಿಕ್ಕಮ್ಮಾ, ಈ ವಯಸ್ಸಲ್ಲಿ ನಿಂಗೆ ಎಂತಕ್ಕೆ ಈ ಟೆನ್ಶನ್ನು?"

"ನಂಗೆ ಎಂತದೂ ಬ್ಯಾಡ ಮಾರಾಯ. ಆ ಬೀಗ ಒಂದು ತೆಗೆಸೂಕೆ ಬೇಕು."

ಗೆದ್ದ ಮೇಲೆ ಫೋನು, ಕಾರು, ಹಣ್ಣಿನ ಬುಟ್ಟಿ ಶುರುವಾದವು. ಅಧ್ಯಕ್ಷರ ಆಯ್ಕೆ ಹತ್ತಿರ ಬಂದಿತ್ತು. ಕಾಟ ತಡೆಯಲಾರದೆ ಚಿಕ್ಕಮ್ಮ ನಮ್ಮ ಮನೆಗೆ ಬಂದು ಕೂತಿದ್ದಳು. ಇಲ್ಲಿಗೂ ಬಂದರಲ್ಲ!

ಆಗಷ್ಟೇ ಸ್ನಾನ ಮುಗಿಸಿ ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದ ಚಿಕ್ಕಮ್ಮ ಹಿತ್ತಲಲ್ಲಿ ಶ್ರೀಧರಣ್ಣನನ್ನು ಕಂಡಳು.

"ಅಲ್ಲೆಂತ ನಿಂತ್ಕಂಡಿರಿ? ಒಳಗೆ ಬನ್ನಿ. ಮಂಜಣ್ಣನೂ ಇಲ್ಲೇ ಇದ್ದ."

ಇಬ್ಬರೂ ಎದುರುಬದುರು ಕೂತರು. ಶ್ರೀಧರಣ್ಣ ಪಂಚೆಯ ಮುಳ್ಳು ಕೀಳತೊಡಗಿದರು. ಕೊನೆಗೆ ಮಂಜಣ್ಣ ಕೆಮ್ಮಿ, "ಉಪಾಧ್ಯಕ್ಷೆ ನೀವೇ ಆಗಿ ಅಕ್ಕಾ," ಎಂದರು. ಶ್ರೀಧರಣ್ಣ ಬಿಟ್ಟಾರೆಯೇ? "ಉಪ ಎಂತಕ್ಕೆ? ನಮ್ಮ ಕಡೆ ಬಂದ್ರೆ ಅಧ್ಯಕ್ಷೆನೇ!"

ವೀಣಾ ಬಾಗಿಲ ಸಂದಿಯಿಂದ ನನ್ನತ್ತ ಹುಬ್ಬು ಹಾರಿಸಿದಳು. ನನಗೂ ಒಳಗೊಳಗೇ ಖುಷಿ. ಅಧ್ಯಕ್ಷೆಯ ಅಕ್ಕನ ಮಗ ಅಂದರೆ ಸುಮ್ಮನೆಯೇ?

ಚಿಕ್ಕಮ್ಮ ಟವೆಲ್ ಬಿಚ್ಚಿ ಕೂದಲು ಕೊಡವಿದಳು. ನನಗೆ ಹೇಳಿದಳು, "ಕಾರ್ ತೆಗಿ."

ನನ್ನ ಹಳೆಯ ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಪಕ್ಷಗಳು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತವು. ದಾರಿಯುದ್ದಕ್ಕೂ ಇಬ್ಬರೂ ತಮ್ಮ ತಮ್ಮ ಕಿಟಕಿಯ ಹೊರಗೇ ನೋಡಿದರು.

ಹೆದ್ದಾರಿಯಂಚಿನಲ್ಲಿ ನಾಗವೇಣಿ ಕೂತಿದ್ದಳು. ಪಾದ ಇನ್ನೂ ಪೂರ್ತಿ ವಾಸಿಯಾಗಿಲ್ಲ, ಕೋಲು ಪಕ್ಕದಲ್ಲಿದೆ. ಕಾರಿನಿಂದ ಇಳಿದ ಇಬ್ಬರನ್ನೂ ನೋಡಿ ಅವಳಿಗೆ ನಿಜಕ್ಕೂ ಗಾಬರಿಯಾಯಿತು.

"ಅಯ್ಯೋ, ಇಬ್ರೂ ಒಟ್ಟಿಗೆ ಬಂದೀರಿ! ಯಾರು ಸತ್ರು?"

ನಾನು ನಗು ತಡೆಯಲು ಕಾರಿನ ಬಾನೆಟ್ ಎತ್ತಿ ಇಂಜಿನ್ ನೋಡಿದೆ.

"ಯಾರೂ ಸತ್ತಿಲ್ಲ. ಸಾಯೂಕೆ ಮುಂಚೆ ಬಂದಿದ್ದು," ಎಂದಳು ಚಿಕ್ಕಮ್ಮ. ಆಮೇಲೆ ಅವರತ್ತ ತಿರುಗಿ, "ಕೂತ್ಕಳಿ. ನಾಗವೇಣಿ ಮೀನು ಮುಗೀವರೆಗೆ ಕೂತ್ಕಳಿ. ಮತ್ತೆ ಮಾತಾಡುವ," ಎಂದಳು.

ಕೂತರು! ನಾಗವೇಣಿಯ ಒಂದು ಪಕ್ಕ ಮಂಜಣ್ಣ, ಇನ್ನೊಂದು ಪಕ್ಕ ಶ್ರೀಧರಣ್ಣ, ಗೋಣಿಚೀಲದ ಮೇಲೆ. ಬೆನ್ನ ಹಿಂದೆಯೇ ಮಂಗಳೂರಿಗೆ ಹೋಗುವ ಲಾರಿಗಳು. ಮೊದಲ ಹಾರ್ನಿಗೇ ಇಬ್ಬರೂ ಕೂತಲ್ಲೇ ಹಾರಿದರು. ಧೂಳು ಬಂತು, ನೊಣ ಬಂತು, ಐಸ್ ಕರಗಿದ ನೀರು ಪಂಚೆಗೆ ಬಂತು. ಕೊಳ್ಳಲು ಬಂದವರು ಮೀನಿನ ರೇಟು ಕೇಳುವುದನ್ನು ಬಿಟ್ಟು ಇವರ ಫೋಟೋ ತೆಗೆದರು. ಒಂದು ಬಸ್ಸು ಎಷ್ಟು ಹತ್ತಿರ ಬಂತೆಂದರೆ, ಮಂಜಣ್ಣ ಗಪ್ಪನೆ ನಾಗವೇಣಿಯ ರಟ್ಟೆ ಹಿಡಿದು ಎಳೆದರು. ಅವಳು ಮಾತ್ರ ಅಲುಗಲಿಲ್ಲ. "ದಿನಾ ಹಿಂಗೇಯ," ಎಂದಳು.

ಮಂಜಣ್ಣ ಅವಳ ರಟ್ಟೆ ಬಿಟ್ಟರು. ಜೇಬಿನಿಂದ ಫೋನ್ ತೆಗೆದು ಪುರಸಭೆಯ ಅಧಿಕಾರಿಗೇ ಹಚ್ಚಿದರು. "ಎರಡೂ ಕಡೆಯವರು ಒಪ್ಪಿದರೆ ಬೀಗ ತೆಗೆಯುತ್ತೇನೆ" ಎಂದು ಆ ಅಧಿಕಾರಿ ಮೊದಲಿನಿಂದಲೂ ಹೇಳುತ್ತಲೇ ಇದ್ದರು. ಮಂಜಣ್ಣ ಒಪ್ಪಿದರು. ಫೋನನ್ನು ಶ್ರೀಧರಣ್ಣನ ಕೈಗೆ ಕೊಟ್ಟರು. ಅವರೂ ಒಪ್ಪಿದರು.

"ಕಲ್ಲಿನ ಮೇಲೆ ಯಾರ ಹೆಸರು?" ಎಂದು ಶ್ರೀಧರಣ್ಣ ಆಮೇಲೆ ಮೆಲ್ಲಗೆ ಕೇಳಿದರು.

"ಕಲ್ಲೇ ಬ್ಯಾಡ," ಎಂದಳು ಚಿಕ್ಕಮ್ಮ. "ಆತು?"

"ಆತು," ಎಂದರು ಇಬ್ಬರೂ.

ಅದಾದ ಸ್ವಲ್ಪ ಹೊತ್ತಿಗೆ ಶ್ರೀಧರಣ್ಣ ಯಾವುದೋ ಮೀಟಿಂಗ್ ನೆನಪಾಗಿ ಎದ್ದು ಹೋದರು. ಮಂಜಣ್ಣ ಕೂತೇ ಇದ್ದರು. ಬುಟ್ಟಿ ಖಾಲಿಯಾದ ಮೇಲೆ ನಾಗವೇಣಿಗೆ ಕೋಲು ಕೊಟ್ಟು, ಅವಳನ್ನು ಎಬ್ಬಿಸಿ, ಆಮೇಲೆ ತಾವು ಎದ್ದರು.

ಮರುದಿನ ಬೀಗ ತೆಗೆದರು. ಭಾಷಣವಿಲ್ಲ, ರಿಬ್ಬನ್ ಇಲ್ಲ. ಹೆಂಗಸರು ಬುಟ್ಟಿ ಹೊತ್ತು ಒಳಗೆ ನಡೆದರು, ಅಷ್ಟೆ. ನಲ್ಲಿ ತಿರುಗಿಸಿದ ನಾಗವೇಣಿ, ನೀರು ಬಂದಿದ್ದನ್ನು ಎಲ್ಲರಿಗೂ ಕೂಗಿ ಹೇಳಿದಳು. ಚಿಕ್ಕಮ್ಮ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ. ಕೇಳಿದರೆ "ಮೀನಿನ ಉಪ್ಪು" ಅಂದಳು.

ಇತ್ತ ನಮ್ಮ ದೊಡ್ಡ ಸದನಗಳಲ್ಲೂ ಪಕ್ಷೇತರರಿದ್ದಾರೆ. ಬೆಳಿಗ್ಗೆ ಗೆಲ್ಲುತ್ತಾರೆ, ಸಂಜೆಯ ಹೊತ್ತಿಗೆ ಯಾವುದಾದರೂ ಪಕ್ಷದ ಶಾಲು ಹೆಗಲ ಮೇಲಿರುತ್ತದೆ. ಇವರು ತಂದ ಮಸೂದೆಗೆ ಅವರು ಅಡ್ಡ, ಅವರು ಕೇಳಿದ ಪ್ರಶ್ನೆಗೆ ಇವರ ಗದ್ದಲ. ನಡುವೆ ನಿಂತು "ಸ್ವಲ್ಪ ಕೂತ್ಕಳಿ" ಎನ್ನುವವರು ಬೇಕೆಂದೇ ಅಲ್ಲವೇ, ನಾವು ಒಮ್ಮೊಮ್ಮೆ ಫ್ಯಾನು, ಕುಕ್ಕರು, ಹೊಲಿಗೆ ಯಂತ್ರಕ್ಕೆ ಓಟು ಹಾಕುವುದು? ಅವರೂ ಸಚಿವರ ಕಾರು ಹತ್ತಿ ಹೋದರೆ ನಮ್ಮ ಫ್ಯಾನಿನ ಗಾಳಿ ಯಾರಿಗೆ?

ಗುರುವಾರ ಅಧ್ಯಕ್ಷರ ಆಯ್ಕೆ. ಚಿಕ್ಕಮ್ಮ ಯಾವ ಹುದ್ದೆಯನ್ನೂ ಒಪ್ಪಿರಲಿಲ್ಲ. ಕೈ ಎತ್ತುವ ಹೊತ್ತಿಗೆ ಮಂಜಣ್ಣನ ಕಡೆಯ ಅಭ್ಯರ್ಥಿಗೆ ಎತ್ತಿದಳು. ಎತ್ತಿದ ಕೈ ಇಳಿಸದೆಯೇ ಸಭೆಗೆ ಹೇಳಿದಳು, "ಇದು ಈ ಸಲಕ್ಕೆ ಮಾತ್ರ. ನಾಳೆ ಗಟಾರ ಸ್ವಚ್ಛ ಮಾಡೂದಿಲ್ಲ ಅಂದ್ರೆ ಇದೇ ಕೈ ಆ ಕಡೆಗೆ." ಎರಡೂ ಕಡೆಯವರು ನಕ್ಕರಂತೆ. ಒಂದು ಕಡೆಯವರು ಸ್ವಲ್ಪ ಕಡಿಮೆ.

ನಿನ್ನೆ ಸಂಜೆ ಶ್ರೀಧರಣ್ಣ ಮತ್ತೆ ಬಂದರು. ಈ ಸಲ ಮುಂಬಾಗಿಲಿಗೇ. ಕೋಪವೇನೂ ಇರಲಿಲ್ಲ, ಕುತೂಹಲವಿತ್ತು. ಚಾ ಕುಡಿದು, ಆಚೀಚೆ ನೋಡಿ, ನನ್ನ ಹತ್ತಿರ ಬಗ್ಗಿ ಕೇಳಿದರು.

"ನಿಮ್ಮತ್ರ ಕೇಳೂಕೆ ಅಡ್ಡಿಲ್ಲ ಅಲ್ದಾ? ಚಿಕ್ಕಮ್ಮಂಗೆ ಅವ್ರು ಎಂತ ಕೊಟ್ರು?"

"ಎಂತದೂ ಕೊಡ್ಲಿಲ್ಲ ಶ್ರೀಧರಣ್ಣ. ಮೀನು ಮುಗೀವರೆಗೆ ಕೂತಿದ್ರು. ಅಷ್ಟೇ."

ಅವರು ನಂಬಲಿಲ್ಲ. ನೀವು?